ಅಡ್ಡಹೆಸರಿನ ಒಂದು ಅಕ್ಷರ, ಕಡಮತ್ ದ್ವೀಪಕ್ಕೆ ನಾಲ್ಕು ತಿಂಗಳ ದಾರಿ

ಅರ್ಜಿ ತುಂಬುವುದು ನನ್ನ ಹೊಟ್ಟೆಪಾಡು. ಗದಗ ಬಸ್ ನಿಲ್ದಾಣದ ಹತ್ತಿರ ನನ್ನದೊಂದು ಝೆರಾಕ್ಸ್ ಅಂಗಡಿ ಇದೆ. ಪಹಣಿ, ಜಾತಿ-ಆದಾಯ ಪ್ರಮಾಣಪತ್ರ, ಪ್ಯಾನ್ ಕಾರ್ಡ್, ಸೇವಾ ಸಿಂಧುವಿನ ನೂರೆಂಟು ಅರ್ಜಿಗಳು, ಎಲ್ಲ ಅಲ್ಲೇ. ಮಂದಿಯ ಹೆಸರಿನ ಸ್ಪೆಲ್ಲಿಂಗ್ ತಪ್ಪು ಹುಡುಕಿ ಅವರಿಗೆ ಬುದ್ಧಿ ಹೇಳುತ್ತಾ ಹದಿನಾಲ್ಕು ವರ್ಷ ಕಳೆದಿದ್ದೇನೆ. ಅಂಥ ನನ್ನ ಅರ್ಜಿಯೇ ಒಂದು ಅಕ್ಷರಕ್ಕೆ ಸಿಕ್ಕಿಬಿದ್ದು ಇಪ್ಪತ್ತೆರಡು ದಿನ ಕೂತಿತು. ಆ ಕಥೆಯನ್ನು ಮುಂದೆ ಹೇಳುತ್ತೇನೆ.

ಹೋದದ್ದು ಲಕ್ಷದ್ವೀಪದ ಕಡಮತ್‌ಗೆ. ಮೊನ್ನೆ ಜನವರಿ ಕೊನೆಗೆ ವಾಪಸ್ ಬಂದೆ. ಬಂದಾಗಿನಿಂದ ಅಂಗಡಿಗೆ ಬಂದವರೆಲ್ಲ ಕೇಳುವುದು ಒಂದೇ: "ಹೆಂಗ ಹೋದ್ರಿ? ಯಾರ ಕಡೆಯಿಂದ ಹೋದ್ರಿ? ಎಷ್ಟ ಖರ್ಚಾತು?" ದಿನಕ್ಕೆ ನಾಲ್ಕು ಸಲ ಅದನ್ನೇ ಹೇಳಿ ಗಂಟಲು ಒಣಗಿದೆ. ಹಾಗಾಗಿ ಬರೆದು ಹಾಕುತ್ತಿದ್ದೇನೆ.

ಇದಕ್ಕೆಲ್ಲ ಮೂಲ ಮಾಗಡಿ ಕೆರೆ. ನಮ್ಮ ಜಿಲ್ಲೆಯ ಶಿರಹಟ್ಟಿ ತಾಲ್ಲೂಕಿನದು, 2024ರಲ್ಲಿ ರಾಮ್ಸರ್ ಪಟ್ಟಿಗೆ, ಅಂದರೆ ಜಗತ್ತಿನ ಮಹತ್ವದ ಕೆರೆ-ಜೌಗುಗಳ ಪಟ್ಟಿಗೆ ಸೇರಿತು. ಚಳಿಗಾಲದಲ್ಲಿ ಅಲ್ಲಿಗೆ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ನಾನು ಮತ್ತು ನಿವೃತ್ತ ಮಾಸ್ತರೊಬ್ಬರು ಪ್ರತಿವರ್ಷ ಬೈನಾಕ್ಯುಲರ್ ಹಿಡಿದು ಹೋಗುವವರು. ಮಾಸ್ತರಿಗೆ ಈಗ ಅರವತ್ನಾಲ್ಕು. ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ, ಹೊಲದಲ್ಲಿ ಶೇಂಗಾ ಮೇದ ಹೆಬ್ಬಾತುಗಳು ಸಾಲುಸಾಲಾಗಿ ಕೆರೆಗೆ ಇಳಿಯುತ್ತಿದ್ದವು. ಮಾಸ್ತರು ಫ್ಲಾಸ್ಕಿನ ಚಹಾ ಬಗ್ಗಿಸುತ್ತಾ ಅಂದರು: "ಇವು ಹಿಮಾಲಯ ದಾಟಿ ಬರ್ತಾವು. ನಾವು ಒಂದ್ ಸಮುದ್ರ ಸುದ್ದಾ ದಾಟಿಲ್ಲ ನೋಡಪಾ."

ಆ ಮಾತು ತಲೆಯಲ್ಲಿ ಕೂತಿತು.

ಕಡಮತ್ತೇ ಯಾಕೆ? ಅದೂ ಮಾಸ್ತರದ್ದೇ ಹಟ. ಲಕ್ಷದ್ವೀಪದ ಉತ್ತರದ ಐದು ದ್ವೀಪಗಳಿಗೆ ಅಮಿನ್‌ದೀವಿ ಅಂತ ಹೆಸರು. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರಾ. ಒಂದು ಕಾಲಕ್ಕೆ ಇವು ಟಿಪ್ಪು ಸುಲ್ತಾನನ ಕೈಯಲ್ಲಿದ್ದವು. ಆತ ಹೋದ ಮೇಲೆ ಬ್ರಿಟಿಷರು ಇವನ್ನು ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿಸಿದರು. 1956ರ ನವೆಂಬರ್ 1ರಂದು ಕೇಂದ್ರಾಡಳಿತ ಪ್ರದೇಶ ಆಗುವವರೆಗೂ ಅವು ಮಂಗಳೂರಿನ ಜಿಲ್ಲಾ ಕಚೇರಿಯ ಲೆಕ್ಕದಲ್ಲೇ ಇದ್ದವು. ಅಂದರೆ ನಾವು ರಾಜ್ಯೋತ್ಸವ ಅಂತ ಧ್ವಜ ಹಾರಿಸುವ ಅದೇ ದಿನ ಅವು ನಮ್ಮ ಜೊತೆಗಾರಿಕೆ ಬಿಟ್ಟು ಹೋದವು. "ನಮ್ಮವೇ ದ್ವೀಪ, ನಾವು ನೋಡಬಾರದೇನು?" ಅನ್ನುವುದು ಮಾಸ್ತರ ವಾದ. ಈ ವಾದ ಯಾವ ಪೊಲೀಸ್ ಠಾಣೆಯಲ್ಲೂ ನಡೆಯುವುದಿಲ್ಲ ಅಂತ ಆಮೇಲೆ ಗೊತ್ತಾಯಿತು.

ಲಕ್ಷದ್ವೀಪಕ್ಕೆ ಹೋಗಲು ಭಾರತೀಯರಿಗೂ ಪರ್ಮಿಟ್ ಬೇಕು. 1967ರ ಒಂದು ನಿಯಮ ಇದೆ, ಅದರ ಪ್ರಕಾರ. ಗೋವಾಕ್ಕೆ ಹೋದಂತೆ ಬಟ್ಟೆ ತುಂಬಿಕೊಂಡು ಹೊರಟರೆ ಕೊಚ್ಚಿ ಬಂದರಿನ ಗೇಟಿನಲ್ಲೇ ಪ್ರವಾಸ ಮುಗಿಯುತ್ತದೆ. ಪರ್ಮಿಟ್ ಸಿಗಲು ದಾರಿಗಳು ಹೀಗೆ: ಸರ್ಕಾರಿ ಪ್ರವಾಸ ಪ್ಯಾಕೇಜ್, ಇಲ್ಲವೇ ನೋಂದಾಯಿತ ಟೂರ್ ಕಂಪನಿ, ಇಲ್ಲವೇ ದ್ವೀಪದ ಒಬ್ಬ ನಿವಾಸಿ "ಇವರು ನನ್ನ ಅತಿಥಿ" ಅಂತ ಪ್ರಾಯೋಜಕನಾಗಿ ನಿಲ್ಲುವುದು. ನಾವು ಎರಡನೆಯದರಲ್ಲಿ ಕೈ ಸುಟ್ಟುಕೊಂಡು ಮೂರನೆಯದಕ್ಕೆ ಬಂದವರು.

ಕೈ ಸುಟ್ಟದ್ದು ಹೀಗೆ. ಸೆಪ್ಟೆಂಬರ್‌ನಲ್ಲಿ ಮೊಬೈಲ್‌ನಲ್ಲಿ ಒಬ್ಬ ಏಜೆಂಟ್ ಸಿಕ್ಕ. ಮಾತು ಬೆಣ್ಣೆ. "ಎಲ್ಲಾ ನಾವೇ ಮಾಡ್ತೀವಿ ಸರ್, ನೀವು ಸುಮ್ನೆ ಬ್ಯಾಗ್ ತಗೊಂಡು ಬನ್ನಿ" ಅಂದ. ತಲಾ ಐದು ಸಾವಿರ ಮುಂಗಡ ಕೇಳಿದ. ಮಾಸ್ತರು ತಡೆದರು. ನಾನು ನನ್ನ ಪಾಲಿನದನ್ನು ಫೋನ್‌ಪೇ ಮಾಡಿಬಿಟ್ಟೆ. ಒಂದು ವಾರ ಉತ್ತರ ಬಂತು, ಎರಡನೇ ವಾರ ನೀಲಿ ಟಿಕ್ ಮಾತ್ರ ಬಂತು, ಮೂರನೇ ವಾರ ಅದೂ ಇಲ್ಲ. ನನ್ನ ಹೆಂಡತಿಗೆ ಇದನ್ನು ಇವತ್ತಿನವರೆಗೆ ಹೇಳಿಲ್ಲ. ಈ ಬರಹ ಓದಿದರೆ ಗೊತ್ತಾಗುತ್ತದೆ, ಆಗಲಿ. ನೀವು ಮಾತ್ರ ಒಂದು ಮಾಡಿ. ದುಡ್ಡು ಕೊಡುವ ಮೊದಲು ಆ ಕಂಪನಿ ಲಕ್ಷದ್ವೀಪ ಆಡಳಿತದಲ್ಲಿ ನೋಂದಣಿ ಆಗಿದೆಯಾ ಅಂತ ಕೇಳಿ, ನೋಂದಣಿ ಪತ್ರ ತರಿಸಿಕೊಳ್ಳಿ. ಕೊಡಲು ತಡವರಿಸಿದರೆ ಅಲ್ಲಿಗೆ ಮಾತು ಮುಗಿಸಿ.

ಪ್ರಾಯೋಜಕ ಸಿಕ್ಕಿದ್ದು ಅದೃಷ್ಟ. ನನ್ನ ಅಕ್ಕನ ಮಗ ಮಂಗಳೂರಿನಲ್ಲಿ ಓದುವಾಗ ಕಡಮತ್‌ನ ಒಬ್ಬ ಹುಡುಗ ಅವನ ರೂಮ್‌ಮೇಟ್. ಈಗ ಆ ಹುಡುಗ ಊರಲ್ಲೇ ಚಿಕ್ಕಪ್ಪನ ಜೊತೆ ನಾಲ್ಕು ಕೋಣೆಯ ಹೋಮ್‌ಸ್ಟೇ ನಡೆಸುತ್ತಾನೆ. ಫೋನ್ ಮಾಡಿದೆವು. ಅವನಿಗೆ ಹರಕುಮುರುಕು ಕನ್ನಡ ಬರುತ್ತದೆ. "ಬನ್ನಿ ಅಣ್ಣಾ. ಆದರೆ ಪೊಲೀಸ್ ಪೇಪರ್ ಮೊದಲು" ಅಂದ.

ಪೊಲೀಸ್ ಪೇಪರ್ ಅಂದರೆ ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್. ನಿಮ್ಮ ಮೇಲೆ ಕೇಸುಗಳಿಲ್ಲ ಅಂತ ನಿಮ್ಮ ಊರಿನ ಪೊಲೀಸರು ಕೊಡುವ ಕಾಗದ. ನಮ್ಮಲ್ಲಿ ಆನ್‌ಲೈನ್ ಅರ್ಜಿ ಹಾಕಿ ಶುಲ್ಕ ಕಟ್ಟಬೇಕು, ಆಮೇಲೆ ಠಾಣೆಯಿಂದ ಪರಿಶೀಲನೆ ಬರುತ್ತದೆ. ಮಾಸ್ತರದ್ದು ಒಂಬತ್ತು ದಿನದಲ್ಲಿ ಬಂತು. ಪರಿಶೀಲನೆಗೆ ಬಂದ ಕಾನ್‌ಸ್ಟೇಬಲ್ ಅವರ ಹಳೆಯ ವಿದ್ಯಾರ್ಥಿ. ಚಹಾ ಕುಡಿದು, ಕಾಲು ಮುಟ್ಟಿ ನಮಸ್ಕಾರ ಮಾಡಿ ಹೋದ.

ನನ್ನದು ಬರಲಿಲ್ಲ.

ನನ್ನ ಅಡ್ಡಹೆಸರು ಮೆಣಸಿನಕಾಯಿ. ಆಧಾರ್‌ನಲ್ಲಿ ಇಂಗ್ಲಿಷ್‌ನಲ್ಲಿ ಕೊನೆಗೆ 'ವೈ' ಬಂದು 'ಐ' ಬಂದಿದೆ. ಹತ್ತನೇ ತರಗತಿ ಅಂಕಪಟ್ಟಿಯಲ್ಲಿ ಬರೀ 'ಐ'. ವೋಟರ್ ಕಾರ್ಡಿನಲ್ಲಿ ನಡುವಿನ ಒಂದು 'ಎ' ಕಾಣೆ. ಒಂದೇ ಮೆಣಸಿನಕಾಯಿಗೆ ಮೂರು ರುಚಿ. ಅರ್ಜಿಯಲ್ಲಿ ನಾನು ಆಧಾರ್ ಪ್ರಕಾರ ತುಂಬಿ, ಜೊತೆಗೆ ವೋಟರ್ ಕಾರ್ಡ್ ಲಗತ್ತಿಸಿದ್ದೆ. ಗಿರಾಕಿ ಹೀಗೆ ಮಾಡಿದ್ದರೆ ಅಂಗಡಿಯಿಂದ ಹೊರಗೆ ಕಳಿಸುತ್ತಿದ್ದೆ. ಅರ್ಜಿ ವಾಪಸ್ ಬಂತು. ಸರಿ ಮಾಡಿ ಮತ್ತೆ ಹಾಕಿದೆ. ಆಗ ಇನ್ನೊಂದು ತಕರಾರು: ಆಧಾರ್‌ನಲ್ಲಿ ಬೆಟಗೇರಿಯ ಹಳೆ ಮನೆ ವಿಳಾಸ, ನಾನು ಆರು ವರ್ಷದಿಂದ ಇರುವುದು ಗದಗದಲ್ಲಿ, ಬೇರೆ ಠಾಣೆಯ ಸರಹದ್ದು. ಒಂದು ಠಾಣೆಯವರು "ಇಲ್ಲಿ ಇಲ್ಲ" ಅಂದರು, ಇನ್ನೊಂದರವರು "ಇಲ್ಲಿಯವರಲ್ಲ" ಅಂದರು. ಇಬ್ಬರ ಮಾತೂ ಖರೇನೇ. ಕೊನೆಗೆ ಬಾಡಿಗೆ ಕರಾರು, ಕರೆಂಟ್ ಬಿಲ್, ಎರಡೂ ಹೆಸರು ಒಬ್ಬನದೇ ಅಂತ ನೋಟರಿ ಮಾಡಿಸಿದ ಅಫಿಡವಿಟ್, ಇಷ್ಟನ್ನು ಹಿಡಿದು ನಾಲ್ಕು ಸಲ ಓಡಾಡಿದೆ. ಒಂದು ದಿನ ಬೆಳಿಗ್ಗೆ ಹತ್ತಕ್ಕೆ ಬೆಂಚಿನ ಮೇಲೆ ಕೂತವನು ಮಧ್ಯಾಹ್ನ ಮೂರಕ್ಕೆ ಎದ್ದೆ. ನನ್ನ ಪಕ್ಕ ಒಬ್ಬ ಅಜ್ಜಿ ಕಳೆದ ಎಮ್ಮೆಯ ದೂರು ಕೊಡಲು ಕೂತಿದ್ದಳು. ನಾನು ದ್ವೀಪಕ್ಕೆ ಹೋಗಲು ಬಂದಿದ್ದೇನೆ ಅಂದೆ. "ಅಲ್ಲೇನ ಕೆಲಸ ಐತಿ ನಿನಗ?" ಅಂತ ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಒಟ್ಟು ಇಪ್ಪತ್ತೆರಡು ದಿನ. ಪ್ರಮಾಣಪತ್ರ ಕೈಗೆ ಬಂದಾಗ ನವೆಂಬರ್ ಮುಗಿಯಲು ಎರಡು ದಿನ ಬಾಕಿ. ಹೋಗುವವರು ದಯವಿಟ್ಟು ಮೊದಲು ಮನೆಯಲ್ಲಿ ಕೂತು ಎಲ್ಲ ಕಾರ್ಡು ಒಂದರ ಪಕ್ಕ ಒಂದು ಇಟ್ಟು ಹೆಸರು, ಹುಟ್ಟಿದ ದಿನ, ವಿಳಾಸ ಹೋಲಿಸಿ ನೋಡಿ. ತಪ್ಪಿದ್ದರೆ ಆಧಾರ್ ತಿದ್ದುಪಡಿಯಿಂದಲೇ ಶುರು ಮಾಡಿ. ನಮ್ಮ ಕಡೆ ಅಡ್ಡಹೆಸರುಗಳೆಲ್ಲ ಹೀಗೇ ಅಲ್ವಾ, ಇಂಗ್ಲಿಷಿಗೆ ಹೊಂದುವುದೇ ಇಲ್ಲ.

ಇದರ ಜೊತೆಗೆ ಫೋಟೊ, ಗುರುತಿನ ಚೀಟಿ, ಪ್ರಾಯೋಜಕನ ಘೋಷಣೆ ಸೇರಿಸಿ ಪರ್ಮಿಟ್ ಅರ್ಜಿ ಹೋಯಿತು. ಆ ಭಾಗವನ್ನೆಲ್ಲ ಹುಡುಗನೇ ನೋಡಿಕೊಂಡ. ಶುಲ್ಕ ತೀರ ಕಡಿಮೆ, ತಲೆಗೆ ಕೆಲವು ನೂರು ರೂಪಾಯಿ ಅಷ್ಟೇ. ಪರ್ಮಿಟ್‌ನಲ್ಲಿ ಯಾವ ದ್ವೀಪ, ಯಾವ ದಿನದಿಂದ ಯಾವ ದಿನದವರೆಗೆ ಅಂತ ಬರೆದಿರುತ್ತದೆ. ಕಡಮತ್ ಅಂತ ಇದ್ದರೆ ಕಡಮತ್ ಮಾತ್ರ. ಪಕ್ಕದಲ್ಲೇ ಕಾಣುವ ಅಮಿನಿಗೆ ದೋಣಿ ಹತ್ತಿ ಹೋಗಿಬರುತ್ತೇನೆ ಅಂದರೆ ಆಗುವುದಿಲ್ಲ. ನಮಗೆ ಇದು ಹೊಳೆಯಲೇ ಇಲ್ಲ. ನಿಮಗೆ ಎರಡು ದ್ವೀಪ ನೋಡುವ ಆಸೆ ಇದ್ದರೆ ಅರ್ಜಿಯಲ್ಲೇ ಎರಡೂ ಹಾಕಿಸಿ.

ಇನ್ನು ಪ್ರಯಾಣ. ಲಕ್ಷದ್ವೀಪದಲ್ಲಿ ವಿಮಾನ ನಿಲ್ದಾಣ ಇರುವುದು ಅಗತ್ತಿ ದ್ವೀಪದಲ್ಲಿ ಮಾತ್ರ. ಕೊಚ್ಚಿ, ಬೆಂಗಳೂರು, ಗೋವಾ ಕಡೆಯಿಂದ ವಿಮಾನಗಳು ಓಡಾಡಿವೆ. ನೀವು ಹೋಗುವ ತಿಂಗಳಲ್ಲಿ ಯಾವುದಿದೆ ನೋಡಿಕೊಳ್ಳಿ. ಹಡಗಾದರೆ ಹೆಚ್ಚಾಗಿ ಕೊಚ್ಚಿಯಿಂದ. ಮಾಸ್ತರಿಗೆ ಸಮುದ್ರ "ದಾಟಬೇಕಿತ್ತು", ಹಾರುವುದಲ್ಲ. ಹಡಗೇ ಆಯಿತು.

ಹಡಗಿನ ಟಿಕೆಟ್ ಪರ್ಮಿಟ್‌ಗಿಂತ ದೊಡ್ಡ ತಲೆನೋವು. ವೇಳಾಪಟ್ಟಿ ಬಹಳ ಮೊದಲೇ ಬರುವುದಿಲ್ಲ. ಬಂದಮೇಲೂ ಬದಲಾಗುತ್ತದೆ. ಟಿಕೆಟ್ ಬಿಟ್ಟ ಕೂಡಲೇ ಮುಗಿಯುತ್ತದೆ. ಮೊದಲು ನನಗೆ ಸಿಟ್ಟು ಬಂದಿತ್ತು. ಆಮೇಲೆ ಹಡಗಿನಲ್ಲಿ ಕೂತಾಗ ಗೊತ್ತಾಯಿತು, ಅದು ಪ್ರವಾಸಿ ಹಡಗಲ್ಲ, ಅವರ ಊರಿನ ಬಸ್ಸು. ಎರ್ನಾಕುಲಂ ಆಸ್ಪತ್ರೆಯಲ್ಲಿ ಆಪರೇಷನ್ ಮುಗಿಸಿ ಮನೆಗೆ ಹೊರಟ ಅಜ್ಜ, ಮಗು ಹೆತ್ತು ವಾಪಸಾಗುವ ತಾಯಿ, ಪರೀಕ್ಷೆ ಮುಗಿದ ಹುಡುಗರು, ಈರುಳ್ಳಿ ಚೀಲ, ಫ್ರಿಜ್ಜು, ಪ್ಲಾಸ್ಟಿಕ್ ಕುರ್ಚಿ. ಅವರಿಗೆ ಸೀಟು ಸಿಕ್ಕ ಮೇಲೆ ನಮಗೆ. ಅದು ಸರಿಯೇ.

ನಾವು ಮೂರನೇ ಪ್ರಯತ್ನದಲ್ಲಿ ಬಂಕ್ ಕ್ಲಾಸ್ ಹಿಡಿದೆವು. ಹುಬ್ಬಳ್ಳಿಯಿಂದ ಕೇರಳಕ್ಕೆ ವಾರಕ್ಕೊಂದು ನೇರ ರೈಲಿದೆ, ಆದರೆ ನಮ್ಮ ತಾರೀಕಿಗೆ ಕೂಡಲಿಲ್ಲ. ಬೆಂಗಳೂರಿಗೆ ಹೋಗಿ ರಾತ್ರಿ ಕನ್ಯಾಕುಮಾರಿ ರೈಲು ಹತ್ತಿದೆವು. ಅದಕ್ಕೆ ಐಲ್ಯಾಂಡ್ ಎಕ್ಸ್‌ಪ್ರೆಸ್ ಅಂತ ಹೆಸರು. ಸಮುದ್ರದ ದ್ವೀಪಕ್ಕೂ ಅದಕ್ಕೂ ಸಂಬಂಧ ಇಲ್ಲ. ಹಿಂದೆ ಅದು ಕೊಚ್ಚಿಯ ವಿಲ್ಲಿಂಗ್ಡನ್ ಐಲ್ಯಾಂಡಿನಲ್ಲಿರುವ ಬಂದರು ನಿಲ್ದಾಣದವರೆಗೆ ಓಡುತ್ತಿತ್ತು, ಆ ಹೆಸರು ಉಳಿದುಕೊಂಡಿದೆ. ನಮ್ಮ ಹಡಗು ಹೊರಡುವುದೂ ಅದೇ ವಿಲ್ಲಿಂಗ್ಡನ್ ಐಲ್ಯಾಂಡಿನಿಂದ, ಲಕ್ಷದ್ವೀಪ ಆಡಳಿತದ ಕಚೇರಿ ಇರುವುದೂ ಅಲ್ಲೇ. ಮಾಸ್ತರಿಗೆ ಇದು ಶುಭಶಕುನ.

ಶುಭಶಕುನ ಎರ್ನಾಕುಲಂ ಮುಟ್ಟುವಷ್ಟರಲ್ಲಿ ಮುಗಿಯಿತು. ಮೊಬೈಲ್‌ಗೆ ಸಂದೇಶ: ಹಡಗು ಒಂದು ದಿನ ತಡ. ಲಾಡ್ಜಿಗೆ ಸಾವಿರದ ನಾನೂರು ಕೊಟ್ಟು ಉಳಿದೆವು. ಆ ದಿನ ಪೂರ್ತಿ ಚಿಂತೆ ಹಡಗಿನದ್ದಲ್ಲ, ಪರ್ಮಿಟ್‌ನದ್ದು. ಅದರ ತಾರೀಕು ಓಡುತ್ತಲೇ ಇರುತ್ತದಲ್ಲ. ಪುಣ್ಯಕ್ಕೆ ಹುಡುಗ ಎರಡು ದಿನ ಜಾಸ್ತಿ ಹಾಕಿಸಿದ್ದ. ಇದು ಬಹಳ ಮುಖ್ಯ. ಹಿಂದೆ ಎರಡು ದಿನ, ಮುಂದೆ ಎರಡು ದಿನ ಕೈಯಲ್ಲಿಟ್ಟುಕೊಳ್ಳಿ. ವಾಪಸಿನ ರೈಲನ್ನು ಹಡಗು ಬರುವ ದಿನವೇ ಬುಕ್ ಮಾಡಬೇಡಿ. ಮಳೆಗಾಲದಲ್ಲಂತೂ ಆ ಕಡೆ ತಲೆ ಹಾಕಬೇಡಿ, ಸಮುದ್ರ ಕೆಟ್ಟಿರುತ್ತದೆ.

ಮರುದಿನ ಬಂದರಿನಲ್ಲಿ ಪರ್ಮಿಟ್, ಟಿಕೆಟ್, ಆಧಾರ್ ಮೂರನ್ನೂ ನೋಡಿದರು. ಬ್ಯಾಗ್ ಸ್ಕ್ಯಾನ್ ಆಯಿತು. ದ್ವೀಪದಲ್ಲಿ ಮದ್ಯ ನಿಷೇಧ, ಆ ಆಸೆ ಇದ್ದವರು ಮನೆಯಲ್ಲೇ ಬಿಟ್ಟು ಬನ್ನಿ. ನನ್ನ ಬ್ಯಾಗಿನಲ್ಲಿ ಸಿಕ್ಕಿದ್ದು ನಲವತ್ತು ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ. ಸ್ಕ್ಯಾನರ್ ಮುಂದೆ ಕೂತವನು ದುಂಡಗಿನ ಆ ಕಟ್ಟನ್ನು ಎರಡು ಸಲ ನೋಡಿ ತೆಗೆಸಿದ. ಒಂದು ರೊಟ್ಟಿ ಮುರಿದು ತೋರಿಸಬೇಕಾಯಿತು.

ಬಂಕ್ ಕ್ಲಾಸ್ ಅಂದರೆ ಹಡಗಿನ ಕೆಳಗಿನ ದೊಡ್ಡ ಹಾಲ್, ರೆಕ್ಸಿನ್ ಹಾಸಿಗೆಯ ಎರಡಂತಸ್ತಿನ ಸಾಲುಗಳು. ಏಸಿ ಎಷ್ಟು ಜೋರು ಅಂದರೆ ನಾನು ಲುಂಗಿ, ಟವೆಲ್ ಎರಡೂ ಹೊದ್ದೆ. ದಪ್ಪ ಚಾದರ ಒಯ್ಯಿರಿ. ಮೊದಲ ಎರಡು ತಾಸು ಮಾಸ್ತರು ಡೆಕ್ ಮೇಲೆ ರಾಜನಂತೆ ನಿಂತಿದ್ದರು. ಹಡಗಿನ ಮೂತಿಯ ಮುಂದೆ ಹಾರುವ ಮೀನುಗಳು ಗುಬ್ಬಿಗಳಂತೆ ನೀರಿನಿಂದ ಎದ್ದು, ಅಲೆಯ ಮೇಲೆ ತೇಲಿ, ಮತ್ತೆ ಮುಳುಗುತ್ತಿದ್ದವು. ಮೂರನೇ ತಾಸಿಗೆ ಮಾಸ್ತರ ಮುಖ ಹಸಿರಾಯಿತು. ರಾತ್ರಿಯಿಡೀ ಅವರು, ನಾನು, ಒಂದು ಪ್ಲಾಸ್ಟಿಕ್ ಚೀಲ. ವಾಂತಿ ಗುಳಿಗೆಯನ್ನು ಹಡಗು ಹೊರಡುವ ಮೊದಲೇ ನುಂಗಬೇಕಂತೆ, ಆಮೇಲೆ ನುಂಗಿದರೆ ಗುಳಿಗೆಯೂ ಹೊರಗೆ. ಬೆಳಗಿನ ಜಾವ ಪಕ್ಕದ ಬಂಕಿನ ಹೆಂಗಸೊಬ್ಬಳು ಒಂದು ನಿಂಬೆಹಣ್ಣು ಕೊಟ್ಟು, ಮೂಸುವಂತೆ ಸನ್ನೆ ಮಾಡಿದಳು. ಅದಕ್ಕೆ ಸ್ವಲ್ಪ ಹಿಡಿತ ಬಂತು.

ಕೊಚ್ಚಿಯಿಂದ ಕಡಮತ್ ನಾನೂರು ಕಿಲೋಮೀಟರ್ ಚಿಲ್ಲರೆ. ನಡುವೆ ಇನ್ನೊಂದು ದ್ವೀಪದಲ್ಲಿ ನಿಂತು ನಮಗೆ ಇಪ್ಪತ್ತೊಂದು ತಾಸು ಹಿಡಿಯಿತು.

ಇಳಿಯುವ ವಿಷಯ ನಮಗೆ ಯಾರೂ ಹೇಳಿರಲಿಲ್ಲ. ಹಡಗು ದಂಡೆಗೆ ಹೋಗಲಿಲ್ಲ. ದೂರದಲ್ಲೇ ನಿಂತಿತು. ಸಣ್ಣ ದೋಣಿ ಬಂದು ಪಕ್ಕಕ್ಕೆ ಹತ್ತಿತು. ಹಡಗಿನ ಹೊಟ್ಟೆಯಲ್ಲಿ ಒಂದು ಬಾಗಿಲು. ಬಾಗಿಲಿಗೂ ದೋಣಿಗೂ ನಡುವೆ ಕುದಿಯುವ ನೀಲಿ. ದೋಣಿ ಒಮ್ಮೆ ನಮ್ಮ ಎದೆಯ ಮಟ್ಟಕ್ಕೆ ಏರುತ್ತದೆ, ಮರುಕ್ಷಣ ಆಳೆತ್ತರ ಕೆಳಗೆ. ಏರಿದ ಆ ಒಂದು ಗಳಿಗೆಯಲ್ಲಿ ಕಾಲಿಡಬೇಕು. ಅಜ್ಜಿಯರು, ಕೂಸು ಎತ್ತಿಕೊಂಡ ತಾಯಂದಿರು ನಮ್ಮ ಸಿಟಿ ಬಸ್ ಇಳಿದ ಹಾಗೆ ಇಳಿದು ಹೋದರು. ಮಾಸ್ತರು ಬಾಗಿಲ ಚೌಕಟ್ಟು ಹಿಡಿದು ನಿಂತುಬಿಟ್ಟರು. "ನಾ ಹಿಂಗ ಹಡಗಿನ್ಯಾಗ ವಾಪಸ್ ಹೋಕ್ಕೇನಿ." ಇಬ್ಬರು ದೋಣಿಯ ಹುಡುಗರು ಅವರ ತೋಳು ಹಿಡಿದರು, ಏನೋ ಕೂಗಿದರು, ದೋಣಿ ಏರಿತು, ಮಾಸ್ತರು ಒಳಗೆ ಬಿದ್ದರು. ಬಿದ್ದವರು ಮೊದಲು ಮುಟ್ಟಿ ನೋಡಿದ್ದು ಬೈನಾಕ್ಯುಲರ್.

ಎರಡೂ ಕೈ ಖಾಲಿ ಇರುವಂತೆ ಬೆನ್ನಿಗೆ ಹಾಕುವ ಬ್ಯಾಗನ್ನೇ ಒಯ್ಯಿರಿ. ನಾನು ಗಾಲಿಯ ಸೂಟ್‌ಕೇಸ್ ಒಯ್ದಿದ್ದೆ. ಮೂರ್ಖತನ.

ದಂಡೆಗೆ ಬಂದಮೇಲೆ ಪೊಲೀಸರಿಗೆ ಪರ್ಮಿಟ್ ತೋರಿಸಿ ಹೆಸರು ಬರೆಸಬೇಕು. ಅಲ್ಲಿ ಕೂತವನು ನನ್ನ ಅಡ್ಡಹೆಸರು ಓದಲು ಮೂರು ಸಲ ಯತ್ನಿಸಿ ಬಿಟ್ಟುಕೊಟ್ಟ. ಅರ್ಥ ಹೇಳಿದೆ. ನಕ್ಕು ಪಕ್ಕದವನಿಗೆ ಮಲಯಾಳದಲ್ಲಿ ಹೇಳಿದ. ನಾಲ್ಕು ದಿನ ಆ ಊರಲ್ಲಿ ನಾನು ಮೊಳಕು ಆಗಿದ್ದೆ.

ಕಡಮತ್ ಉದ್ದಕ್ಕೆ ಎಂಟೊಂಬತ್ತು ಕಿಲೋಮೀಟರ್, ಅಗಲ ಹೆಚ್ಚೆಂದರೆ ಅರ್ಧ ಕಿಲೋಮೀಟರ್ ಮೇಲೊಂದಿಷ್ಟು. ಕೆಲವು ಕಡೆ ರಸ್ತೆಯ ಮೇಲೆ ನಿಂತರೆ ಎರಡೂ ಬದಿ ನೀರು ಕಾಣುತ್ತದೆ. 2011ರ ಗಣತಿಯಲ್ಲಿ ಇಡೀ ಲಕ್ಷದ್ವೀಪದ ಜನಸಂಖ್ಯೆ 64 ಸಾವಿರ ಚಿಲ್ಲರೆ. ಅದೇ ವರ್ಷ ನಮ್ಮ ಗದಗ-ಬೆಟಗೇರಿ ಒಂದೇ ಊರು 1 ಲಕ್ಷ 70 ಸಾವಿರ ದಾಟಿತ್ತು. ಇಡೀ ದ್ವೀಪ ತೆಂಗು. ನಾಯಿ ಇಲ್ಲ. ರಾತ್ರಿ ನಾಯಿ ಬೊಗಳದ ಊರಲ್ಲಿ ಮಲಗಿ ನನಗೆ ಮೊದಲ ದಿನ ನಿದ್ದೆಯೇ ಬರಲಿಲ್ಲ.

ಊಟದ ಚಿಂತೆ ಇತ್ತು, ನಾವಿಬ್ಬರೂ ಮೀನು ತಿನ್ನುವವರಲ್ಲ. ಅಲ್ಲಿ ಟ್ಯೂನಾ ಮೀನೇ ಅನ್ನ. ಆದರೆ ಹುಡುಗನ ತಾಯಿ ನಮಗಾಗಿ ಬೇಳೆ, ಕಾಯಿ ಚಟ್ನಿ, ಒಂದು ದಿನ ದೀವಿ ಹಲಸಿನ ಚಿಪ್ಸ್ ಮಾಡಿದರು. ದೀವಿ ಅಂದರೆ ದ್ವೀಪ, ಅಮಿನ್‌ದೀವಿಯ ದೀವಿಯೂ ಅದೇ. ಆ ಮರ ಲಕ್ಷದ್ವೀಪದ ರಾಜ್ಯ ಮರ ಬೇರೆ. ಬದಲಿಗೆ ನಾವು ರೊಟ್ಟಿ ಚಟ್ನಿ ಕೊಟ್ಟೆವು. ರೊಟ್ಟಿಯನ್ನು ಅವರು ಹಪ್ಪಳ ಅಂದುಕೊಂಡರು.

ಒಂದು ಸಂಜೆ ಜೆಟ್ಟಿಯ ಹತ್ತಿರ ಕೂತಿದ್ದ ಒಬ್ಬ ಮುದುಕ ನಮ್ಮ ಮಾತು ಕೇಳಿ ತಿರುಗಿದ. "ಊಟ ಆಯ್ತಾ?" ಅಂದ, ಅಪ್ಪಟ ಮಂಗಳೂರು ಧಾಟಿ. ಚಿಕ್ಕವನಿದ್ದಾಗ ಅಪ್ಪನ ಜೊತೆ ಹಾಯಿ ಹಡಗಿನಲ್ಲಿ ತೆಂಗಿನ ನಾರು, ಕೊಬ್ಬರಿ ಹಾಕಿಕೊಂಡು ಮಂಗಳೂರು ಬಂದರಕ್ಕೆ ಹೋಗುತ್ತಿದ್ದನಂತೆ, ಅಕ್ಕಿ ತರಲು. ಕನ್ನಡದಲ್ಲಿ ಅವನಿಗೆ ಉಳಿದದ್ದು ಅದೊಂದು ವಾಕ್ಯ, ಮತ್ತು ಇಪ್ಪತ್ತರವರೆಗೆ ಎಣಿಕೆ. ಮಾಸ್ತರು ಅವನ ಎದುರು ಕುಕ್ಕರಗಾಲಲ್ಲಿ ಕೂತು ಒಂದರಿಂದ ಇಪ್ಪತ್ತು ಹೇಳಿಸಿದರು. ಹದಿನೇಳರಲ್ಲಿ ತಡವರಿಸಿದ. ಮಾಸ್ತರು ಹೇಳಿಕೊಡಲಿಲ್ಲ, ಕಾದರು. ಬಂತು.

ಇನ್ನು ನಾವು ಹೋದ ಕೆಲಸ. ಹಕ್ಕಿಯ ಮಟ್ಟಿಗೆ ಹೇಳುವುದಾದರೆ ಮಾಗಡಿ ಕೆರೆಯ ಗದ್ದಲ ಅಲ್ಲಿಲ್ಲ. ನೆಲದ ಹಕ್ಕಿ ಕಡಿಮೆ. ಕಡಲ ಹಕ್ಕಿಗಳ ದೊಡ್ಡ ಗುಂಪು ಗೂಡು ಕಟ್ಟುವುದು ಪಿಟ್ಟಿ ಅನ್ನುವ ಮನುಷ್ಯರಿಲ್ಲದ ಸಣ್ಣ ಮರಳು ತುಂಡಿನ ಮೇಲೆ. ಅದು ಸಂರಕ್ಷಿತ, ನಮ್ಮಂಥವರಿಗೆ ಪ್ರವೇಶ ಇಲ್ಲ. ಆದರೆ ನೀರು ಇಳಿದಾಗ ದಂಡೆಯಲ್ಲಿ ರಡ್ಡಿ ಟರ್ನ್‌ಸ್ಟೋನ್‌ಗಳು ಸಿಕ್ಕವು, ಹೆಸರಿಗೆ ತಕ್ಕಂತೆ ಹವಳದ ತುಂಡುಗಳನ್ನು ಕೊಕ್ಕಿನಿಂದ ಮಗುಚುತ್ತಾ. ಕಪ್ಪುಬಿಳುಪಿನ ಕ್ರಾಬ್ ಪ್ಲೋವರ್ ಏಳು. ಮಾಸ್ತರು ನೋಟ್‌ಬುಕ್ಕಿನಲ್ಲಿ ಏಳರ ಕೆಳಗೆ ಎರಡು ಗೆರೆ ಎಳೆದರು.

ನಿಜವಾದ ಊರು ನೀರಿನ ಒಳಗಿದೆ. ದ್ವೀಪದ ಪಶ್ಚಿಮಕ್ಕೆ ಲಗೂನ್, ಹವಳದ ಗೋಡೆಯ ಒಳಗಿನ ತಿಳಿನೀರು. ನಾನು ಬೆಟಗೇರಿಯ ಬಾವಿಯಲ್ಲಿ ಈಜು ಕಲಿತವನು. ಕನ್ನಡಕ, ಉಸಿರಿನ ಕೊಳವೆ ಹಾಕಿಕೊಂಡು ಮುಖ ಮುಳುಗಿಸಿದೆ. ಮೊದಲು ಕಿವಿಗೆ ಬಿದ್ದದ್ದು ಸದ್ದು. ಕಟ್, ಕಟ್, ಕಟ್. ಯಾರೋ ಹುರಿಗಡಲೆ ಅಗಿಯುವ ಹಾಗೆ. ಹುಡುಗ ಕೈ ತೋರಿಸಿದ. ಹಸಿರು-ಗುಲಾಬಿ ಮೀನು, ಗಿಳಿಯಂಥ ಬಾಯಿ, ಹವಳದ ಬಂಡೆಯನ್ನು ಕೆರೆದು ಕೆರೆದು ತಿನ್ನುತ್ತಿತ್ತು. ಪ್ಯಾರಟ್ ಫಿಶ್. ನಾನು ನೋಡುತ್ತಿದ್ದಂತೆ ಅದರ ಹಿಂದಿನಿಂದ ಬಿಳಿ ಪುಡಿ ಹೊಗೆಯಂತೆ ಇಳಿಯಿತು. ಹವಳ ತಿಂದು ಮರಳು ಹೇಲುವ ಮೀನು. ಆ ಬೆಳ್ಳಗಿನ ದಂಡೆಯ ಮರಳಿನಲ್ಲಿ ಬಹಳಷ್ಟು ಹೀಗೆ ಬಂದದ್ದು. ಫೋಟೊದಲ್ಲಿ ಎಲ್ಲರೂ ಮಲಗಿಕೊಂಡಿರುತ್ತಾರಲ್ಲ, ಅದರ ಮೇಲೆ.

ಎರಡನೇ ದಿನ ಹಸಿರು ಕಡಲಾಮೆ ಸಿಕ್ಕಿತು. ಊಟದ ಪರಾತದಷ್ಟು ಅಗಲ. ನನ್ನಿಂದ ಎರಡು ಮಾರು ದೂರದಲ್ಲಿ ತಳಕ್ಕೆ ಬಾಗಿ ಗಿಡ್ಡ ಹುಲ್ಲು ಹರಿಯುತ್ತಿತ್ತು, ಥೇಟ್ ನಮ್ಮ ಎಮ್ಮೆ. ಹರಿದ ಕಡೆ ಸಣ್ಣ ಧೂಳು ಏಳುತ್ತಿತ್ತು, ಆ ಧೂಳಿಗೆ ಬೆರಳುದ್ದದ ಮೀನುಗಳು ಮುತ್ತುತ್ತಿದ್ದವು. ಒಮ್ಮೆ ತಲೆ ಎತ್ತಿ ನನ್ನನ್ನು ನೋಡಿತು. ಆಮೇಲೆ ಉಸಿರಿಗೆ ಮೇಲೆ ಬಂದು, "ಪುಸ್" ಅಂತ ಬಿಟ್ಟು, ಹೊರಟುಹೋಯಿತು. ನನಗೆ ನಾಲ್ಕು ತಿಂಗಳ ಓಡಾಟ, ಆ ಬೆಂಚು, ಐದು ಸಾವಿರ, ಎಲ್ಲ ಮರೆತೇ ಹೋಗಿತ್ತು.

ಹುಡುಗನ ಚಿಕ್ಕಪ್ಪನಿಗೆ ಆಮೆ ಕಂಡರೆ ಅಷ್ಟು ಪ್ರೀತಿ ಇಲ್ಲ. ಆಮೆ ಜಾಸ್ತಿಯಾಗಿ ಕಡಲಹುಲ್ಲು ಖಾಲಿ ಮಾಡಿವೆ, ಹುಲ್ಲಿನಲ್ಲಿ ಬೆಳೆಯುತ್ತಿದ್ದ ಮೀನು ಕಡಿಮೆಯಾಗಿದೆ ಅನ್ನುವುದು ಅವರ ದೂರು. ಇದು ಬರೀ ಗೊಣಗಾಟವಲ್ಲ. ಮೊದಲು ಅಗತ್ತಿಯ ಲಗೂನ್, ಆಮೇಲೆ ಒಂದೊಂದಾಗಿ ಬೇರೆಯವು ಹೀಗೆ ಬೋಳಾದದ್ದನ್ನು ವಿಜ್ಞಾನಿಗಳೂ ದಾಖಲಿಸಿದ್ದಾರೆ. ಕಡಮತ್ ಅದರಲ್ಲಿ ಒಂದು. ನಾನು ಆಮೆ ನೋಡಿ ಹಿಗ್ಗಿದ ಜಾಗದಲ್ಲಿ ಅವರು ಕಂಡದ್ದು ಹುಲ್ಲಿಲ್ಲದ ತಳ. ನಮ್ಮ ಕಡೆ ಹೆಬ್ಬಾತು ಶೇಂಗಾ ಹೊಲಕ್ಕೆ ಇಳಿದಾಗ ರೈತರು ಆಡುವ ಮಾತೇ ಅದು.

ಇನ್ನೊಂದು ಮಾತನ್ನೂ ಮುಚ್ಚಿಡದೆ ಹೇಳಬೇಕು. ಬಣ್ಣಬಣ್ಣದ ಹವಳ ಅಂದುಕೊಂಡು ಹೋದರೆ ಹಲವು ಕಡೆ ಸಿಗುವುದು ಬೂದು ಬಣ್ಣದ ಮುರಿದ ಕೊಂಬೆಗಳ ರಾಶಿ, ಎಲುಬಿನ ಹಾಗೆ. ನೀರು ಅತಿಯಾಗಿ ಬಿಸಿಯಾದರೆ ಹವಳ ತನ್ನೊಳಗಿನ ಪಾಚಿಯನ್ನು ಹೊರಹಾಕಿ ಬೆಳ್ಳಗಾಗುತ್ತದೆ, ಬಿಸಿ ಇಳಿಯದಿದ್ದರೆ ಸಾಯುತ್ತದೆ. ಲಕ್ಷದ್ವೀಪದಲ್ಲಿ 1998, 2010, 2016ರಲ್ಲಿ ದೊಡ್ಡ ಮಟ್ಟದಲ್ಲಿ ಹೀಗಾಗಿತ್ತು, 2024ರಲ್ಲಿ ಮತ್ತೆ ಆಯಿತು. ನಡುನಡುವೆ ಜೀವ ಹಿಡಿದ ಗುಂಡು ಬಂಡೆಗಳು, ಅವುಗಳ ಸುತ್ತ ಮೀನುಗಳ ಸಂತೆ. ನಮ್ಮ ಕಪ್ಪತಗುಡ್ಡಕ್ಕೆ ಬೆಂಕಿ ಬಿದ್ದ ಮರುವರ್ಷ ಹೀಗೇ ಇರುತ್ತದೆ. ಹವಳದ ಮೇಲೆ ಕಾಲಿಡಬೇಡಿ. ಹುಡುಗ ಇದನ್ನು ನಮಗೆ ಹತ್ತು ಸಲ ಹೇಳಿದ. ಹನ್ನೊಂದನೇ ಸಲ ಬೈದ.

ವಾಪಸ್ ಬರುವಾಗಿನ ತೊಂದರೆ ನಮ್ಮದೇ ತಪ್ಪು. ಹವಳದ ತುಂಡು ತರುವಂತಿಲ್ಲ, ಸತ್ತದ್ದೂ ಸೇರಿ. ವನ್ಯಜೀವಿ ಕಾಯ್ದೆಯಲ್ಲಿ ಹವಳ, ಕಡಲ ಸೌತೆ ಅನ್ನುವ ಕಡಲ ಪ್ರಾಣಿ ಎಲ್ಲ ಸಂರಕ್ಷಿತ. ನಮಗೆ ಗೊತ್ತಿತ್ತು, ಒಂದು ಚೂರೂ ತೆಗೆದಿರಲಿಲ್ಲ. ಆದರೆ ಜೆಟ್ಟಿಯಲ್ಲಿ ಮಾಸ್ತರ ಚಟ್ನಿ ಡಬ್ಬಿಯ ಚೀಲದಿಂದ ಕೆರೆಯುವ ಸದ್ದು. ತೆಗೆದರೆ ಒಳಗೆ ಶಂಖ ಹೊತ್ತ ಏಡಿ, ಶೇಂಗಾ ಪುಡಿ ಮೆತ್ತಿಕೊಂಡು. ರಾತ್ರಿ ವರಾಂಡದಲ್ಲಿ ಚೀಲ ಬಿಟ್ಟಿದ್ದರು, ಅದು ನುಗ್ಗಿತ್ತು. ಪೊಲೀಸಿನವನು ಮಾಸ್ತರ ಮುಖ ನೋಡಿದ, ಏಡಿಯ ಮುಖ ನೋಡಿದ. ದೋಣಿ ಕಾಯುತ್ತಿತ್ತು. ಮಾಸ್ತರು ಅದನ್ನು ಎರಡೂ ಕೈಯಲ್ಲಿ ಹಿಡಿದು ಮರಳಿನವರೆಗೆ ನಡೆದು, ಬಿಟ್ಟು, ಅದು ತೆಂಗಿನ ಬುಡ ಸೇರುವವರೆಗೆ ನಿಂತು ಬಂದರು. ಹೊರಡುವ ಮುನ್ನ ಬ್ಯಾಗು, ಬೂಟು ಎರಡನ್ನೂ ಕೊಡವಿ ನೋಡಿ.

ಖರ್ಚು ಕೇಳುತ್ತೀರಿ. ಇಬ್ಬರಿಗೂ ಸೇರಿ, ಗದಗದಿಂದ ಗದಗದವರೆಗೆ, ಐವತ್ತೆಂಟು ಸಾವಿರ. ಇದರಲ್ಲಿ ಏಜೆಂಟ್ ನುಂಗಿದ ಐದು ಸಾವಿರ ಸೇರಿಲ್ಲ, ಕೊಚ್ಚಿಯಲ್ಲಿ ಕಾದ ಎರಡು ರಾತ್ರಿ ಸೇರಿದೆ. ಹೌದು, ವಾಪಸಾಗುವಾಗಲೂ ರೈಲು ತಪ್ಪಿತು. ಹೋಮ್‌ಸ್ಟೇ ಊಟ ಸೇರಿ ತಲೆಗೆ ದಿನಕ್ಕೆ ಎರಡೂವರೆ ಸಾವಿರ. ನಗದು ಸಾಕಷ್ಟು ಒಯ್ಯಿರಿ. ಫೋನು ಈಗ ಚೆನ್ನಾಗಿ ನಡೆಯುತ್ತದೆ, 2024ರ ಜನವರಿಯಲ್ಲಿ ಕೊಚ್ಚಿಯಿಂದ ಸಮುದ್ರದ ತಳದಲ್ಲಿ ಕೇಬಲ್ ಬಂದ ಮೇಲೆ. ನನ್ನ ಬಿಎಸ್‌ಎನ್‌ಎಲ್ ಸಿಮ್ ಕೆಲಸ ಮಾಡಿತು.

ನಿನ್ನೆ ಲಕ್ಷ್ಮೇಶ್ವರದ ಇಬ್ಬರು ಹುಡುಗರು ಅಂಗಡಿಗೆ ಬಂದರು. ಲಕ್ಷದ್ವೀಪಕ್ಕೆ ಹೋಗಬೇಕು, ಪೊಲೀಸ್ ಕ್ಲಿಯರೆನ್ಸ್‌ಗೆ ಅರ್ಜಿ ಹಾಕಿಕೊಡಿ ಅಂದರು. ಆಧಾರ್, ಅಂಕಪಟ್ಟಿ, ವೋಟರ್ ಕಾರ್ಡ್ ಮೂರೂ ಟೇಬಲ್ ಮೇಲೆ ಇಡಿಸಿದೆ. ಒಬ್ಬನ ಅಡ್ಡಹೆಸರು ಉಳ್ಳಾಗಡ್ಡಿ. ಮೂರರಲ್ಲಿ ಮೂರು ಥರ.

"ಕೂಡ್ರಿ ತಮ್ಮಾ, ಚಹಾ ತರಸ್ತೇನಿ" ಅಂದೆ.